ಗಡಿ ದಾಟಿ ಬಂದ ಗಾಡಿಗೆ ನಮ್ಮೂರ ನಂಬರು

ವಿಜಯಪುರ ಜಿಲ್ಲೆಯ ಬಿಜ್ಜರಗಿ ಕಡೆಯ ಹುಡುಗರು ಹಳೆ ಕಾರು ಕೊಳ್ಳುವ ಮಾತೆತ್ತಿದರೆ ಅವರ ಕಣ್ಣು ಮೊದಲು ಹೋಗುವುದು ಮಹಾರಾಷ್ಟ್ರದ ಜತ್ತ, ಸಾಂಗಲಿ, ಮೀರಜದ ಕಡೆಗೆ. ಹೋಗದೆ ಏನು ಮಾಡೀತು? ಒಣದ್ರಾಕ್ಷಿ ಮಾರಲು ತಾಸಗಾಂವ, ಸಾಂಗಲಿ ಪೇಟೆಗೆ ಹೋಗಿಬಂದು ಸವೆದ ದಾರಿ ಅದು. ಜತ್ತ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಹೆಣ್ಣು ಕೊಟ್ಟದ್ದು ಅಲ್ಲಿ, ತಂದದ್ದು ಅಲ್ಲಿಂದ. ಮಾತಿನಲ್ಲಿ, ಬೀಗತನದಲ್ಲಿ, ಸಂತೆಯಲ್ಲಿ ಕಾಣದ ಗಡಿ ನಮಗೆ ಗಾಡಿಯ ನಂಬರ್ ಪ್ಲೇಟಿನಲ್ಲಿ ಮಾತ್ರ ಕಾಣುತ್ತದೆ. ಅಲ್ಲಿ ಎಂಎಚ್ 10, ಇಲ್ಲಿ ಕೆಎ 28.

ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಮನೆಗೆ ಬಂದು ಕೇಳುತ್ತಾರೆ. "ಸರ, ಗಾಡಿ ಅಗದೀ ಛಲೋ ಅದರಿ. ಎಂಎಚ್ ಪಾಸಿಂಗ್ ಅದ, ರೇಟೂ ಕಮ್ಮಿ. ತರಬೇಕೋ ಬ್ಯಾಡೋ?" ತರಬೇಡ ಎಂದು ನಾನು ಯಾರಿಗೂ ಹೇಳಿಲ್ಲ. ಆದರೆ ಗಾಡಿ ಒಂದು ದಿನದಲ್ಲಿ ಗಡಿ ದಾಟುತ್ತದೆ, ಅದರ ಕಾಗದ ದಾಟಲು ಕೆಲವು ತಿಂಗಳು ಬೇಕು. ಈ ಎರಡು ಪ್ರಯಾಣಗಳನ್ನೂ ಒಟ್ಟಿಗೇ ಶುರು ಮಾಡಿದವರು ನಿಶ್ಚಿಂತರಾಗಿದ್ದಾರೆ. ಗಾಡಿಯನ್ನು ಮೊದಲು ತಂದು ಕಾಗದ ಆಮೇಲೆ ನೋಡೋಣ ಎಂದವರು ಕಷ್ಟಪಟ್ಟಿದ್ದಾರೆ. ಇದನ್ನು ಮೊದಲ ಸಲ ಮಾಡುವವರಿಗಾಗಿ, ಬುಡದಿಂದ ಹೇಳುತ್ತೇನೆ.

ಒಂದು ಗಾಡಿ ಒಂದು ನಾಡಿನಿಂದ ಇನ್ನೊಂದಕ್ಕೆ ಹೋದಾಗ ಎಲ್ಲ ಸರಕಾರಗಳೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು. ಇದು ಯಾರದು? ಇನ್ನು ಮುಂದೆ ಎಲ್ಲಿ ನಿಲ್ಲುತ್ತದೆ? ಇಲ್ಲಿಯ ರಸ್ತೆಗೆ ತೆರಿಗೆ ಕಟ್ಟಿದೆಯೇ? ಇಲ್ಲಿ ಓಡಲು ಯೋಗ್ಯವೇ? ಲಂಡನ್ನಿನಲ್ಲಿ ನೆಲೆಸಿದ ನಮ್ಮವನೊಬ್ಬ ಅಮೆರಿಕದಿಂದ ಒಂದು ಸ್ಪೋರ್ಟ್ಸ್ ಕಾರು, ಹಳೆಯ ಮಸ್ಟಾಂಗೋ ಕಾರ್ವೆಟ್ಟೋ, ತರಿಸಿದ ಅಂತ ಇಟ್ಟುಕೊಳ್ಳಿ. ಹಡಗಿನಿಂದ ಇಳಿದ 14 ದಿನದೊಳಗೆ ಅವನು ಅಲ್ಲಿಯ ತೆರಿಗೆ ಇಲಾಖೆಗೆ ತಿಳಿಸಬೇಕು. ಸುಂಕ, ಅದರ ಮೇಲೆ ಶೇಕಡಾ 20 ವ್ಯಾಟ್ ಕಟ್ಟಬೇಕು. ಗಾಡಿಗೆ ಹತ್ತು ವರ್ಷ ತುಂಬಿರದಿದ್ದರೆ ಅದೊಂದನ್ನೇ ನಿಲ್ಲಿಸಿಕೊಂಡು ಪರೀಕ್ಷೆ ಮಾಡುತ್ತಾರೆ. ಅಮೆರಿಕದ ಕಾರುಗಳಲ್ಲಿ ಹಿಂದಿನ ಇಂಡಿಕೇಟರು ಕೆಂಪಾಗಿರುವುದುಂಟು. ಬ್ರಿಟನ್ನಿನಲ್ಲಿ ಅದು ಕಿತ್ತಳೆ ಬಣ್ಣದ್ದೇ ಆಗಬೇಕು. ಅಮೆರಿಕದವರು ರಸ್ತೆಯ ಬಲಕ್ಕೆ ಓಡಿಸುವವರು, ಹಾಗಾಗಿ ಆ ಹೆಡ್‌ಲೈಟಿನ ಬೆಳಕು ಬಲಗಡೆಗೆ ವಾಲಿರುತ್ತದೆ. ಎಡಕ್ಕೆ ಓಡಿಸುವ ಬ್ರಿಟನ್ನಿನಲ್ಲಿ ಅದು ಎದುರು ಬರುವವನ ಕಣ್ಣಿಗೇ ಹೊಡೆಯುತ್ತದೆ. ಅದನ್ನೂ ಬದಲಿಸಬೇಕು. ಹಿಂದೆ ಮಂಜಿನ ದೀಪವೊಂದು ಬೇಕು. ಇಷ್ಟೆಲ್ಲ ಆದ ಮೇಲೆ ನಂಬರು.

ಅದೇ ಅಮೆರಿಕದ ಕಾರನ್ನು ಬಿಜ್ಜರಗಿಗೆ ತರುತ್ತೇನೆಂದರೆ ದಾರಿ ಇನ್ನೂ ಇಕ್ಕಟ್ಟು. ಬ್ರಿಟನ್ನಿನಲ್ಲಿ ಎಡಗಡೆ ಸ್ಟೇರಿಂಗಿನ ಗಾಡಿಗೂ ನಂಬರು ಸಿಗುತ್ತದೆ. ನಮ್ಮ ಆಮದು ನಿಯಮ ಬಲಗಡೆ ಸ್ಟೇರಿಂಗನ್ನೇ ಕೇಳುತ್ತದೆ. ಬಳಸಿದ ಗಾಡಿಯಾದರೆ 3 ವರ್ಷಕ್ಕಿಂತ ಹಳೆಯದಿರಬಾರದು, ಸುಂಕವೋ ಗಾಡಿಯ ಬೆಲೆಯನ್ನೇ ಮೀರಿ ನಿಲ್ಲುತ್ತದೆ. ನಮ್ಮಂಥವರು ತುಳಿಯುವ ದಾರಿ ಅದಲ್ಲ. ಸಾಂಗಲಿಯಿಂದ ಬರುವ ಗಾಡಿಗೆ ಈ ಯಾವ ತೊಡಕೂ ಇಲ್ಲ. ದೀಪ, ಬ್ರೇಕು, ಹೊಗೆಯ ಅಳತೆ ಎಲ್ಲಕ್ಕೂ ದೇಶಕ್ಕೆಲ್ಲ ಒಂದೇ ನಿಯಮ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಗಾಡಿಯ ಒಂದು ಬೋಲ್ಟನ್ನೂ ಬದಲಿಸಬೇಕಿಲ್ಲ. ಬದಲಾಗಬೇಕಾದದ್ದು ಕಾಗದ, ತುಂಬಬೇಕಾದದ್ದು ತೆರಿಗೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. "ಸರ, ಒಂದು ವರ್ಷ ಹಂಗ ಓಡಿಸಬಹುದಂತ, ಹೌದೇನ್ರಿ?" ಎಂದು ಕೇಳದವರಿಲ್ಲ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮು, ಒಂದು ರಾಜ್ಯದಲ್ಲಿ ಆದ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆ ಎನ್ನುತ್ತದೆ. 47ನೇ ಕಲಮು, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ ಅಲ್ಲಿಯ ಹೊಸ ನಂಬರು ತೆಗೆದುಕೊಳ್ಳಬೇಕು ಎನ್ನುತ್ತದೆ. ಪುಣೆಯಲ್ಲಿ ನೌಕರಿ ಮಾಡುವ ನಿಮ್ಮ ಅಳಿಯ ತನ್ನದೇ ಎಂಎಚ್ 12 ಗಾಡಿಯಲ್ಲಿ ಬಂದು ಬಿಜ್ಜರಗಿಯಲ್ಲಿ ನಾಲ್ಕು ತಿಂಗಳು ನಿಂತು ಮನೆ ಕಟ್ಟಿಸಿದರೆ, ಆ ಒಂದು ವರ್ಷದ ರಿಯಾಯಿತಿ ಅವನಿಗೆ ಸಲ್ಲುತ್ತದೆ. ಗಾಡಿಯೂ ಅವನದೇ, ವಾಸವೂ ಪುಣೆಯಲ್ಲೇ.

ನೀವು ಕೊಂಡವರು. ನಿಮ್ಮ ಲೆಕ್ಕ ಬೇರೆ. ಮಾಲೀಕತ್ವ ಬದಲಾದ ಕೂಡಲೇ 50ನೇ ಕಲಮು ಬರುತ್ತದೆ. ಮಾರಿದವನು ತನ್ನ ಕಡೆಯ ಆರ್‌ಟಿಓಗೆ ತಿಳಿಸಬೇಕು. ಒಂದೇ ರಾಜ್ಯದೊಳಗಿನ ವ್ಯಾಪಾರಕ್ಕೆ 14 ದಿನ, ರಾಜ್ಯದಾಚೆ ಮಾರಿದರೆ 45 ದಿನ. ಕೊಂಡವನು 30 ದಿನದೊಳಗೆ ತಾನಿರುವ ಊರಿನ ಆರ್‌ಟಿಓಗೆ ತಿಳಿಸಬೇಕು. ಅಳಿಯನ ಒಂದು ವರ್ಷವನ್ನು ಮಾವ ಎರವಲು ಪಡೆಯಲಾಗದು.

ತೆರಿಗೆಯ ವಿಷಯದಲ್ಲಿ ಈ ಗೊಂದಲ ಹುಟ್ಟಲು ಒಂದು ಕಾರಣವೂ ಇದೆ. 2014ರಲ್ಲಿ ಕರ್ನಾಟಕ ಸರಕಾರ ತನ್ನ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ಗಾಡಿ 30 ದಿನ ದಾಟಿ ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದಿತು. ರಸ್ತೆಯಲ್ಲಿ ಗಾಡಿಗಳನ್ನು ತಡೆದು ಕಟ್ಟಿಸಿಕೊಂಡದ್ದೂ ಆಯಿತು. 2016ರಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಆವತ್ತಿನ ಸುದ್ದಿಯನ್ನು ಜನ "ಒಂದು ವರ್ಷ ಏನೂ ಕಟ್ಟಬೇಕಿಲ್ಲ" ಎಂದು ನೆನಪಿಟ್ಟುಕೊಂಡರು. ಆ ತೀರ್ಪು ನೆರವಾದದ್ದು ತನ್ನದೇ ಗಾಡಿಯಲ್ಲಿ ಬಂದು ಹೋಗುವವನಿಗೆ. ಕೊಂಡು ತಂದು ಮನೆಮುಂದೆ ನಿಲ್ಲಿಸಿಕೊಂಡವನಿಗಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ. ಮುಂಗಡದ ದುಡ್ಡು ಕೊಡುವ ಮೊದಲು ಆರ್‌ಸಿ ಕೇಳಿ, ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರ, ನೋಂದಣಿಯಾದ ದಿನ, ಇನ್ಸೂರನ್ಸ್ ಎಲ್ಲಿಯವರೆಗಿದೆ, ಸಾಲವಿದೆಯೋ ಇಲ್ಲವೋ ಎಲ್ಲ ಅಲ್ಲಿ ಕಾಣುತ್ತದೆ. ಬಾಕಿ ಚಲನ್‌ಗಳನ್ನೂ ನೋಡಿ.

ಆಮೇಲೆ ಗಾಡಿಯ ಹತ್ತಿರ ಹೋಗಿ ಚಾಸಿ ನಂಬರು ಹುಡುಕಿ. ಕೆಲವು ಕಾರುಗಳಲ್ಲಿ ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿದರೆ ಸಿಗುತ್ತದೆ, ಕೆಲವದರಲ್ಲಿ ಬಾನೆಟ್ಟಿನೊಳಗೆ ಇಂಜಿನ್ನಿನ ಹಿಂದಿನ ತಗಡಿನ ಮೇಲೆ. ಧೂಳು, ಎಣ್ಣೆ ಒರೆಸಿ, ಒಂದು ತೆಳು ಕಾಗದದ ಪಟ್ಟಿಯನ್ನು ಅದರ ಮೇಲೆ ಬಿಗಿಯಾಗಿ ಹಿಡಿದು, ಪೆನ್ಸಿಲ್ಲಿನ ತುದಿಯನ್ನು ಮಲಗಿಸಿ ಹಗುರಾಗಿ ತಿಕ್ಕಿ. ಮಕ್ಕಳು ರೂಪಾಯಿ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಾರಲ್ಲ, ಹಾಗೆಯೇ. ಒಂದೊಂದೇ ಅಕ್ಷರ ಮೇಲೆದ್ದು ಬರುತ್ತದೆ. ಇದಕ್ಕೇ ಚಾಸಿ ಪ್ರಿಂಟು ಎನ್ನುತ್ತಾರೆ. ಮುಂದೆ ಆರ್‌ಟಿಓ ಅರ್ಜಿಯ ಮೇಲೆ ಅಂಟಿಸಲು ಇದು ಬೇಕೇಬೇಕು. ಆದರೆ ಅದಕ್ಕಿಂತ ಮೊದಲು ನಿಮ್ಮ ತೃಪ್ತಿಗೆ ಬೇಕು. ಆರ್‌ಸಿಯಲ್ಲಿರುವುದನ್ನೂ ಪಟ್ಟಿಯ ಮೇಲೆ ಬಂದದ್ದನ್ನೂ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಹೊಂದಿಸಿ ಓದಿ.

ಅದು 17 ಅಕ್ಷರ, ಅಂಕಿಗಳ ಸಾಲು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು. ಮೊದಲ ಅಕ್ಷರಗಳು ಹುಟ್ಟಿದ ನಾಡನ್ನು ಹೇಳುತ್ತವೆ. ನಮ್ಮ ದೇಶದ ಕಾರುಗಳದು ಸಾಮಾನ್ಯವಾಗಿ ಎಂ ಅಕ್ಷರದಿಂದ ಶುರು: ಮಾರುತಿಯದು ಎಂಎ3, ಟಾಟಾದ್ದು ಎಂಎಟಿ. ಅಮೆರಿಕದಲ್ಲಿ ಆದದ್ದು 1, 4 ಅಥವಾ 5ರಿಂದ, ಬ್ರಿಟನ್ನಿನದು ಎಸ್‌ನಿಂದ. ಲಂಡನ್ನಿನವನು ತನ್ನ ಮಸ್ಟಾಂಗಿನಲ್ಲಿ ಓದುವ ಸಾಲಿಗೂ ನೀವು ಸಾಂಗಲಿಯ ಗ್ಯಾರೇಜಿನಲ್ಲಿ ಮಂಡಿಯೂರಿ ಓದುವ ಸಾಲಿಗೂ ವ್ಯಾಕರಣ ಒಂದೇ. ನಂಬರ್ ಪ್ಲೇಟು ಊರೂರಿಗೆ ಬದಲಾದೀತು, ಈ ಸಾಲು ಗಾಡಿ ಗುಜರಿಗೆ ಹೋಗುವವರೆಗೂ ಬದಲಾಗದು. ಒಂದೇ ಒಂದು ಅಂಕಿ ತಿದ್ದಿದಂತೆ, ಉಜ್ಜಿದಂತೆ ಕಂಡರೂ ಆ ಗಾಡಿಯನ್ನು ಬಿಟ್ಟು ಬನ್ನಿ, ರೇಟು ಎಷ್ಟೇ ಕಮ್ಮಿ ಇರಲಿ.

ಸಾಲದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಯಲ್ಲೇ ಇದರ ಪೆಟ್ಟು ತಿಂದಿದ್ದೇವೆ. ನನ್ನ ಸೋದರಮಾವನ ಮಗ ಗಡಿಯಾಚೆಯಿಂದ ಒಂದು ಡೀಸೆಲ್ ಕಾರು ತಂದ. ಮಾರಿದವರು ಸಾಲವೆಲ್ಲ ತೀರಿದೆ ಎಂದರು, ತೀರಿದ್ದೂ ನಿಜ. ಆದರೆ ಆರ್‌ಸಿಯ ಮೇಲೆ ಫೈನಾನ್ಸಿನ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿದ ಮಾತ್ರಕ್ಕೆ ಆ ಹೆಸರು ತಾನೇ ಅಳಿಯುವುದಿಲ್ಲ. ಫೈನಾನ್ಸಿನವರು ಸಹಿ ಹಾಕಿದ 35ನೇ ನಮೂನೆಯನ್ನು ಆರ್‌ಟಿಓಗೆ ಕೊಟ್ಟು ಎಚ್‌ಪಿ (ಸಾಲದ ನಮೂದು) ಕ್ಯಾನ್ಸಲ್ ಮಾಡಿಸಬೇಕು. ಆ ಒಂದು ಸಹಿಗಾಗಿ ಅವನು ಎಂಟು ತಿಂಗಳು ಓಡಾಡಿದ. ಶಾಖೆ ಬೇರೆ ಊರಿಗೆ ಹೋಗಿತ್ತು, ಸಹಿ ಮಾಡುವವರು ಬದಲಾಗಿದ್ದರು. ಕಾಗದಗಳನ್ನೆಲ್ಲ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಕಾರು ಮನೆಯ ಬೇವಿನ ಗಿಡದ ಕೆಳಗೆ ಎಲೆ ಉದುರಿಸಿಕೊಂಡು ನಿಂತಿತ್ತು. ಆವತ್ತಿನಿಂದ ನಾನು ಕೇಳಿದವರಿಗೆಲ್ಲ ಒಂದು ಮಾತು ಹೇಳುತ್ತೇನೆ: ಆರ್‌ಸಿಯಲ್ಲಿ ಸಾಲದ ಹೆಸರಿದ್ದರೆ, ಅದು ಅಳಿದ ಆರ್‌ಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಎಲ್ಲ ಸರಿ ಇದ್ದರೆ ಎನ್‌ಓಸಿ. ಇಲ್ಲಿಂದ ಹೊರಟುಹೋಗಲು ನಮ್ಮ ಅಡ್ಡಿ ಇಲ್ಲ ಎಂದು ಹಳೆಯ ಆರ್‌ಟಿಓ ಕೊಡುವ ಪತ್ರ ಅದು. ಶಾಲೆ ಬಿಡುವಾಗ ಟಿಸಿ ತೆಗೆದುಕೊಂಡ ಹಾಗೆ ಎಂದರೆ ನನ್ನ ಹುಡುಗರಿಗೆ ಕೂಡಲೇ ತಿಳಿಯುತ್ತದೆ. ಶಾಲೆಯವರು ಫೀ ಬಾಕಿ ನೋಡಿ ಟಿಸಿ ಕೊಡುವಂತೆ ಆರ್‌ಟಿಓದವರು ತೆರಿಗೆ ಬಾಕಿ ನೋಡುತ್ತಾರೆ, ಕಳವಿನ ಪ್ರಕರಣವಿಲ್ಲವೆಂದು ಪೊಲೀಸರಿಂದ ವರದಿ ಪಡೆಯುತ್ತಾರೆ. ಅರ್ಜಿ 28ನೇ ನಮೂನೆಯಲ್ಲಿ, ಸಹಿ ಆರ್‌ಸಿಯಲ್ಲಿ ಹೆಸರಿರುವವನದು. 30 ದಿನದೊಳಗೆ ಕೊಡಬೇಕು ಅಥವಾ ಕಾರಣ ಬರೆದು ನಿರಾಕರಿಸಬೇಕು ಎಂದು 48ನೇ ಕಲಮು ಹೇಳುತ್ತದೆ. ಎರಡೂ ಆಗದಿದ್ದರೆ ಕೊಟ್ಟಂತೆಯೇ ಲೆಕ್ಕ. ಆದರೆ ಕೈಯಲ್ಲಿ ಕಾಗದವಿಲ್ಲದೆ ಇಲ್ಲಿಯ ಕೌಂಟರಿನಲ್ಲಿ ಈ ಕಲಮನ್ನು ಓದಿ ಹೇಳುವುದು ಸುಲಭದ ಮಾತಲ್ಲ, ಪತ್ರವನ್ನೇ ತನ್ನಿ. ಅದರಲ್ಲಿ ಯಾವ ಕಚೇರಿಗೆ ಹೋಗುತ್ತಿದೆ ಎಂಬುದನ್ನು ಬರೆದಿರುತ್ತಾರೆ. ನಿಮ್ಮದು ವಿಜಯಪುರ, ಕೆಎ 28. ಏಜೆಂಟರು ಅವಸರದಲ್ಲಿ ಜಮಖಂಡಿಯ ಕೆಎ 48 ಎಂದು ಬರೆಸಿದರೆ ಮತ್ತೆ ಸಾಂಗಲಿಯ ಬಸ್ಸೇ ಗತಿ. ಅಲ್ಲಿಯೇ ನಿಂತು ಓದಿಕೊಳ್ಳಿ.

ಅದೇ ಸಲ ಮಾರುವವರಿಂದ 29ನೇ ನಮೂನೆಯ ಪ್ರತಿಗಳಿಗೂ 30ನೇ ನಮೂನೆಗೂ ಸಹಿ ಹಾಕಿಸಿಕೊಳ್ಳಿ. 29 ಎಂದರೆ ಮಾರಿದೆ ಎಂಬ ತಿಳಿವಳಿಕೆ, 30 ಎಂದರೆ ಹೆಸರು ಬದಲಿಸಿ ಎಂಬ ಅರ್ಜಿ. ಮಾಲೀಕರು ತೀರಿಕೊಂಡು ಮಕ್ಕಳು ಮಾರುತ್ತಿದ್ದರೆ ಮೊದಲು ಗಾಡಿ ಆ ಮಕ್ಕಳ ಹೆಸರಿಗೆ ಬರಬೇಕು, ಅದಕ್ಕೆ 31ನೇ ನಮೂನೆ ಇದೆ. ಸಹಿ ಆರ್‌ಸಿ ಮಾಡಿಸಿದಾಗಿನ ಸಹಿಯಂತೆಯೇ ಇರಲಿ. ಮೊದಲ ಖರೀದಿಯ ಇನ್ವಾಯ್ಸು ಸಿಕ್ಕರೆ ಅದನ್ನೂ ಬಿಡಬೇಡಿ, ಯಾಕೆಂದು ಮುಂದೆ ತಿಳಿಯುತ್ತದೆ.

ವಿಜಯಪುರದ ಕಚೇರಿಗೆ ಬಂದ ಮೇಲೆ ಹೊಸ ನಂಬರಿಗಾಗಿ 27ನೇ ನಮೂನೆ. ಗಾಡಿಯನ್ನು ತಂದು ನಿಲ್ಲಿಸಬೇಕು, ಇನ್‌ಸ್ಪೆಕ್ಟರು ಚಾಸಿ ನಂಬರನ್ನು ತಮ್ಮ ಕಣ್ಣಾರೆ ನೋಡುತ್ತಾರೆ. ಇನ್ಸೂರನ್ಸ್, ಎಮಿಷನ್ ಚಾಲ್ತಿಯಲ್ಲಿರಬೇಕು. ಗಾಡಿಗೆ 15 ವರ್ಷ ದಾಟಿದ್ದರೆ ನೋಂದಣಿಯನ್ನೇ ನವೀಕರಿಸಬೇಕು, ಅದರ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತು. ಅಷ್ಟು ಹಳೆಯದನ್ನು ಹೊರಗಿನಿಂದ ತರುವುದು ನನ್ನ ದೃಷ್ಟಿಯಲ್ಲಿ ಬೇಡದ ಉಸಾಬರಿ. ದಿಲ್ಲಿಯ ಗಾಡಿಗಳ ವಿಷಯವೂ ಇಲ್ಲೇ ಬರುತ್ತದೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಅಗ್ಗದ ದಿಲ್ಲಿ ಕಾರುಗಳು ದಕ್ಷಿಣದ ಹಳ್ಳಿಗಳವರೆಗೂ ಹರಿದು ಬಂದವು. ಅವು ಕೆಟ್ಟವೆಂದಲ್ಲ. ಆದರೆ ಸಾಂಗಲಿಗೆ ಎರಡನೇ ಸಲ ಹೋಗಿ ಒಂದು ಸಹಿ ತರಬಹುದು, ದಿಲ್ಲಿಗೆ ಹಾಗೆ ಹೋಗಿಬರಲಾಗದು.

ಇನ್ನು ಹೊಸಬರ ಎದೆ ಧಸಕ್ಕೆನ್ನಿಸುವ ಸಂಗತಿ, ಆಜೀವ ತೆರಿಗೆ. ಮಹಾರಾಷ್ಟ್ರದಲ್ಲಿ ಮೊದಲ ಮಾಲೀಕರು ಕಟ್ಟಿದ ತೆರಿಗೆ ಮಹಾರಾಷ್ಟ್ರಕ್ಕೇ ಸೇರಿತು. ಕರ್ನಾಟಕದ ರಸ್ತೆಗೆ ಮತ್ತೆ ಕಟ್ಟಬೇಕು. ಇಲ್ಲಿ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಬೆಲೆಯ ಶೇಕಡಾ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ದೇಶದಲ್ಲೇ ಹೆಚ್ಚು ತೆರಿಗೆಯ ರಾಜ್ಯಗಳಲ್ಲಿ ನಮ್ಮದೊಂದು. ಹಳೆ ಗಾಡಿಗೆ ವಯಸ್ಸು ನೋಡಿ ಈ ಮೊತ್ತವನ್ನು ಇಳಿಸುತ್ತಾರೆ. ಇಲ್ಲಿ ಗಮನವಿಟ್ಟು ಕೇಳಿ: ಇಳಿಸುವುದು ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲಿನ ತೆರಿಗೆಯನ್ನು. ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ರೇಟು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಉದಾಹರಣೆ ಬೋರ್ಡಿನ ಮೇಲೆ ಬರೆದಂತೆ ನೋಡೋಣ. ಹೊಸದಿದ್ದಾಗ 6 ಲಕ್ಷದ ಕಾರು, ನಿಮಗೆ 2 ಲಕ್ಷಕ್ಕೆ ಸಿಕ್ಕಿದೆ. ಹುಡುಗರು 2 ಲಕ್ಷಕ್ಕೆ ಶೇಕಡಾ 13 ಎಂದು 26,000 ಲೆಕ್ಕ ಹಾಕಿಕೊಂಡು ಬರುತ್ತಾರೆ. ಸರಿಯಾದ ಲೆಕ್ಕ ಶುರುವಾಗುವುದು 6 ಲಕ್ಷದ ಶೇಕಡಾ 14ರಿಂದ, ಅಂದರೆ 84,000ದಿಂದ. ಅದರಿಂದ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತ ಬರುತ್ತದೆ, ಮೇಲೆ ಸೆಸ್ ಸೇರುತ್ತದೆ. ಇನ್ವಾಯ್ಸು ಇಟ್ಟುಕೊಳ್ಳಿ ಎಂದದ್ದು ಇದಕ್ಕೇ, ಮೂಲ ಬೆಲೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದ್ದರಿಂದ ಎಂಎಚ್ ಗಾಡಿ ಅಗ್ಗವೋ ಅಲ್ಲವೋ ಎಂಬುದು ಅದರ ರೇಟಿಗೆ ಈ ತೆರಿಗೆ ಕೂಡಿಸಿ, ಅಂಥದ್ದೇ ಕೆಎ ಗಾಡಿಯ ಪಕ್ಕದಲ್ಲಿಟ್ಟು ನೋಡಿದಾಗಲೇ ತಿಳಿಯುತ್ತದೆ. ಎರಡಕ್ಕೂ 20,000 ವ್ಯತ್ಯಾಸ ಮಾತ್ರ ಉಳಿದರೆ ನಾನಾದರೆ ಕೆಎ 28ನ್ನೇ ಕೊಳ್ಳುತ್ತೇನೆ, ಓಡಾಟದ ಬೆಲೆಯನ್ನೂ ಹಿಡಿಯಬೇಕಲ್ಲ.

ಬಿಎಚ್ ನಂಬರಿನ ಬಗ್ಗೆಯೂ ಕೇಳುತ್ತಾರೆ. ಅದು 2021ರ ಸೆಪ್ಟೆಂಬರಿನಲ್ಲಿ ಬಂದದ್ದು, ಸೈನಿಕರು, ಸರಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳ ನೌಕರರಿಗಾಗಿ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತ ಹೋಗುವುದರಿಂದ ವರ್ಗವಾದಾಗ ನಂಬರು ಬದಲಿಸಬೇಕಿಲ್ಲ. ನಮ್ಮ ದ್ರಾಕ್ಷಿ ಬೆಳೆಗಾರನಿಗೆ ಅದು ಸಿಗುವುದಲ್ಲ. ಬಾಡಿಗೆ ಗಾಡಿ, ಲಾರಿಗಳ ಪರ್ಮಿಟ್ಟಿನ ಕಥೆ ಬೇರೆಯೇ ಇದೆ.

ತೆರಿಗೆ ಕಟ್ಟಿದ ಮೇಲೆ ಹೊಸ ನಂಬರು ಬರುತ್ತದೆ, ಅದಕ್ಕೆ ತಕ್ಕ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸಬೇಕು. ಎಡಮೂಲೆಯಲ್ಲಿ ಅಶೋಕಚಕ್ರದ ಹೊಳೆಯುವ ಗುರುತು, ಲೇಸರಿನಲ್ಲಿ ಕೊರೆದ ಸಂಖ್ಯೆ, ಬಿಚ್ಚಲು ಬಾರದ ಲಾಕು ಇರುವ ಪ್ಲೇಟು ಅದು. ಹೊಸ ಆರ್‌ಸಿ ಬಂದ ದಿನವೇ ಇನ್ಸೂರನ್ಸಿನವರ ಹತ್ತಿರ ಹೋಗಿ. ಗಾಡಿ ಕೈ ಬದಲಾದಾಗ ಎದುರಿನವರಿಗೆ ಆಗುವ ಹಾನಿಯ ವಿಮೆ ಕಾನೂನಿನ ಪ್ರಕಾರ ಗಾಡಿಯ ಜೊತೆಗೇ ಬರುತ್ತದೆ. ಆದರೆ ಪಾಲಿಸಿಯಲ್ಲಿ ಹೆಸರು ಬದಲಾಗದಿದ್ದರೆ ನಿಮ್ಮ ಗಾಡಿಗೇ ಆದ ಪೆಟ್ಟಿಗೆ ದುಡ್ಡು ಸಿಗುವುದು ಕಷ್ಟ. ಕೊಂಡವನು 14 ದಿನದೊಳಗೆ ಕಂಪನಿಗೆ ತಿಳಿಸಬೇಕೆಂದು ನಿಯಮವಿದೆ.

ಗಡಿಯ ಈ ಕಡೆಯಿಂದ ಆ ಕಡೆಗೆ ಮಾರುವವರೂ ನಮ್ಮಲ್ಲಿದ್ದಾರೆ, ಅವರಿಗೂ ಎರಡು ಮಾತು. ದುಡ್ಡು ಎಣಿಸಿಕೊಂಡು, ಖಾಲಿ ನಮೂನೆಗೆ ಸಹಿ ಮಾಡಿ, ಕೀಲಿ ಕೊಟ್ಟು ಮರೆತುಬಿಡುತ್ತಾರೆ. ಆ ಗಾಡಿ ಕೈಯಿಂದ ಕೈಗೆ ಹೋಗಿ, ಎಲ್ಲೋ ಒಬ್ಬರಿಗೆ ಡಿಕ್ಕಿ ಹೊಡೆದು, ಇನ್ಸೂರನ್ಸೂ ಇಲ್ಲದಿದ್ದರೆ? 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಗಾಡಿ ಹಲವರ ಕೈ ದಾಟಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲನೆಯವನ ಹೆಸರೇ ಇತ್ತು. ಪರಿಹಾರ ಕೊಡಬೇಕಾದ ಮಾಲೀಕ ಆರ್‌ಸಿಯಲ್ಲಿ ಹೆಸರಿರುವವನೇ ಎಂದು ಕೋರ್ಟು ಹೇಳಿತು. ಹಾಗಾಗಿ ಮಾರಿದವರೂ ಹೆಸರು ಬದಲಾಗುವವರೆಗೆ ಬೆನ್ನುಬಿಡಬಾರದು. ವಾರಕ್ಕೊಮ್ಮೆ ಆ್ಯಪಿನಲ್ಲಿ ನಿಮ್ಮ ಹಳೆಯ ನಂಬರು ಹಾಕಿ ನೋಡಿದರೆ ಸಾಕು.

ಕೊನೆಗೆ, ಹೆಚ್ಚಿನವರು ಕೇಳದೆ ಬಿಟ್ಟುಬಿಡುವ ದುಡ್ಡೊಂದಿದೆ. ಮಹಾರಾಷ್ಟ್ರಕ್ಕೆ ಕಟ್ಟಿದ್ದು ಗಾಡಿಯ ಪೂರ್ತಿ ಆಯುಷ್ಯದ ತೆರಿಗೆ. ಗಾಡಿ ಅಲ್ಲಿಂದ ಹೊರಟುಬಂದ ಮೇಲೆ ಉಳಿದ ವರ್ಷಗಳ ಪಾಲನ್ನು ವಾಪಸು ಕೇಳಬಹುದು. ಕರ್ನಾಟಕದ ಹೊಸ ಆರ್‌ಸಿಯ ಪ್ರತಿ, ಇಲ್ಲಿ ಕಟ್ಟಿದ ತೆರಿಗೆಯ ರಸೀದಿ, ಎನ್‌ಓಸಿಯ ಪ್ರತಿ ಇಟ್ಟು ಹಳೆಯ ಆರ್‌ಟಿಓಗೆ ಅರ್ಜಿ ಹಾಕಬೇಕು. ಬರುವುದು ತಡವಾಗುತ್ತದೆ, ಆದರೆ ಐದಾರು ವರ್ಷದ ಗಾಡಿಯಾದರೆ ಸಣ್ಣ ಮೊತ್ತವಲ್ಲ. ಅದು ಕಟ್ಟಿದವರಿಗೋ ಕೊಂಡವರಿಗೋ ಎಂಬ ತಕರಾರು ಆಮೇಲೆ ಏಳಬಾರದು. ರೇಟು ಮಾತಾಡುವ ದಿನವೇ ಅದನ್ನೂ ಮಾತಾಡಿ, ಮಾರಾಟದ ಪತ್ರದಲ್ಲಿ ಒಂದು ಸಾಲು ಬರೆಸಿ, ಇಬ್ಬರೂ ಸಹಿ ಮಾಡಿ. ಬರೆಸುವ ಮೊದಲು ಆ ಪೆನ್ಸಿಲ್ಲಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಪತ್ರದಲ್ಲಿ ಚಾಸಿ ನಂಬರು ಸರಿಯಾಗಿ ಬಂದಿದೆಯೇ ಎಂದು ಇನ್ನೊಮ್ಮೆ ಓದಿಸಿ.